ಇಲಿಂಕ ಗೆರೆ ಎಳೆದ ಮೊಟ್ಟೆ

ಈಸ್ಟರ್ ಬೆಳಗ್ಗೆ ಬಟ್ಟಲು ನೀರಿಗೆ ಕೆಂಪು ಮೊಟ್ಟೆ, ಬೆಳ್ಳಿ ನಾಣ್ಯ ಹಾಕಿ, ಆ ನೀರಿನಲ್ಲಿ ಎಂಟು ವರ್ಷದ ಮಗಳು ಇಲಿಂಕಳ ಮುಖ ತೊಳೆದವಳು ಒತಿಲಿಯಾಳೇ. ವರ್ಷವಿಡೀ ಕೆನ್ನೆ ಕೆಂಪಗಿರಲಿ ಎಂದು ಬುಕೋವಿನಾ ಸೀಮೆಯ ಆ ಹಳ್ಳಿಯಲ್ಲಿ ಎಲ್ಲ ಮಕ್ಕಳಿಗೂ ಹೀಗೆ ಮಾಡುವುದು ವಾಡಿಕೆ. ಈ ಸಲ ಹುಡುಗಿ ಮೇಣದಂತೆ ಬಿಳಿಚಿಕೊಂಡಿದ್ದಳೆಂದು ಮೊಟ್ಟೆಯನ್ನು ಕೆನ್ನೆಗೆ ತುಸು ಒತ್ತಿಯೇ ಉಜ್ಜಿದ್ದಳು.

ಮುಖ ಒರೆಸಿದರೆ ಎಡಗಣ್ಣಿನ ಬಿಳಿಭಾಗದಲ್ಲಿ ಕೆಂಪು ಕಲೆ.

"ಕಣ್ಣೊಳಗೆ ಬಣ್ಣ ಹೋಗಿದೆ ಕಣೇ," ಎಂದಳು ಅತ್ತೆ ವೆತುರಿಯಾ. "ಕೆನ್ನೆಗೆ ಉಜ್ಜು ಅಂದ್ರೆ ಕಣ್ಣಿಗೆ ಬಳಿದಿದ್ದೀಯ. ಚೆನ್ನಾಗಿದೆ ನಿನ್ನ ಕೈಗುಣ."

ಮೂರು ದಿನ ಹೂವಿನ ಕಷಾಯದಲ್ಲಿ ಹತ್ತಿ ಅದ್ದಿ ಒರೆಸಿದರು. ಕಲೆ ಹರಡಿತೇ ಹೊರತು ಅಳಿಯಲಿಲ್ಲ. ಬುಟ್ಟಿಯಲ್ಲಿ ಉಳಿದ ಕೆಂಪು ಮೊಟ್ಟೆಗಳು ತನ್ನನ್ನೇ ದುರುಗುಟ್ಟಿ ನೋಡುತ್ತಿವೆ ಎನಿಸಿ ಒತಿಲಿಯಾ ಅದಕ್ಕೆ ಬಟ್ಟೆ ಮುಚ್ಚಿದಳು. ಹಬ್ಬದ ಹಿಂದಿನ ಶುಕ್ರವಾರ, ಬಣ್ಣಕ್ಕೆ ಅದ್ದುವ ಮುನ್ನ ಇಲಿಂಕ ಮೇಣದಲ್ಲಿ ಗೆರೆ ಎಳೆದ ಮೊಟ್ಟೆಯೊಂದು ಮಾತ್ರ ಕಿಟಕಿಯ ಬಳಿ ಉಳಿಯಿತು. ಗೆರೆಗಳೆಲ್ಲ ಸೊಟ್ಟ. "ಕಣ್ಣು ಎಲ್ಲಿಟ್ಟಿದ್ದೆ?" ಎಂದು ಅವತ್ತು ಒತಿಲಿಯಾ ಗದರಿದ್ದಳು. ಹುಡುಗಿ ತಲೆ ತಗ್ಗಿಸಿ ಇನ್ನೊಂದು ಗೆರೆ ಎಳೆದಿದ್ದಳು.

ನಾಲ್ಕನೆಯ ದಿನ ಬಲಗಣ್ಣಿನಲ್ಲೂ ಕೆಂಪು.

"ಬಣ್ಣ ಇಷ್ಟು ದಿನ ಬಿಟ್ಟು ಇನ್ನೊಂದು ಕಣ್ಣಿಗೂ ಇಳಿಯುತ್ತಾ, ಅತ್ತೆ?"

"ಹಬ್ಬದ ವಾರ ಕಳೀಲಿ. ಈಗ ಯಾವ ಡಾಕ್ಟರು ನಿನಗೋಸ್ಕರ ಕಾದು ಕೂತಿರ್ತಾರೆ?"

ಒತಿಲಿಯಾ ಮಗಳಿಗೆ ಬೂಟು ತೊಡಿಸಿ ಪಟ್ಟಣದ ಬಸ್ಸು ಹಿಡಿದಳು.

ಡಾಕ್ಟರಮ್ಮ ಕೋಣೆ ಕತ್ತಲು ಮಾಡಿ ಕಣ್ಣಿನೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಯಾಕೋ ಕಾಲ್ಚೀಲ ಇಳಿಸಿ ಮೊಣಕಾಲಿನ ಕೆಳಗಿನ ನೀಲಿ ಕಲೆಗಳನ್ನು ನೋಡಿದರು, ಕತ್ತು ಮುಟ್ಟಿ ನೋಡಿದರು.

"ಕಣ್ಣಿನ ಹಿಂಭಾಗದಲ್ಲೂ ರಕ್ತ ಸೋರಿದೆ. ರಕ್ತದ ಕ್ಯಾನ್ಸರ್ ಇದ್ದರೂ ಹೀಗಾಗಬಹುದು. ಇವತ್ತೇ ರಕ್ತ ಪರೀಕ್ಷೆ ಮಾಡಿಸೋಣ. ಯಾವಾಗಿನಿಂದ ಹೀಗಿದೆ?"

"ಹಬ್ಬದ ಬೆಳಗ್ಗೆಯಿಂದ. ಮೊಟ್ಟೆ ನಾನೇ ಉಜ್ಜಿದ್ದು. ಒತ್ತಿ ಉಜ್ಜಿಬಿಟ್ಟೆ."

"ಉಜ್ಜಿದ್ದರಿಂದ ಬಂದದ್ದಲ್ಲಮ್ಮ ಇದು."

"ಶುಕ್ರವಾರವೇ ಇತ್ತು," ಎಂದಳು ಇಲಿಂಕ ಮೆಲ್ಲಗೆ. "ಮೊಟ್ಟೆ ಮಧ್ಯೆ ಕಪ್ಪು ಚುಕ್ಕೆ ಕಾಣ್ತಿತ್ತು, ಅಮ್ಮ. ಎಲ್ಲಿ ನೋಡಿದ್ರೂ ಅಲ್ಲಿಗೇ ಬರ್ತಿತ್ತು. ಅದನ್ನ ತಪ್ಪಿಸಿ ತಪ್ಪಿಸಿ ಗೆರೆ ಎಳೆದೆ."

ಕಿಟಕಿಯ ಬಳಿಯ ಮೊಟ್ಟೆ ಒತಿಲಿಯಾಳ ಕಣ್ಮುಂದೆ ಬಂತು. ಗೆರೆಗಳೆಲ್ಲ ಬಾಗಿ ಬಾಗಿ, ಏನನ್ನೋ ಬಳಸಿ ಹೋಗಿದ್ದವು. ನಡುವೆ ಖಾಲಿ ಜಾಗ.

ರಕ್ತ ತೆಗೆಯಲು ನರ್ಸ್ ಬಂದಳು. ಒತಿಲಿಯಾ ಮಗಳ ಅಂಗಿಯ ತೋಳು ಮಡಚಿ ಕೈ ಹಿಡಿದುಕೊಂಡಳು.

"ಅಜ್ಜಿ ಆ ಮೊಟ್ಟೆ ಒಡೆದು ತಿಂದಿರಲ್ಲ ಅಲ್ವಾ?"

"ಇಲ್ಲ ಮರಿ," ಎಂದಳು. ಮೊಟ್ಟೆ ಇನ್ನೂ ಅಲ್ಲೇ ಇದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.