ಹೊನ್ನವ್ವ ನೋಡಿದ ಅಂಗಿಗಳು

ರಿಜಿಸ್ಟರಿನ ಪ್ರಕಾರ ಹೊನ್ನವ್ವ ಒಂದೇ ಭಾನುವಾರ, ಒಂದೇ ಹೊತ್ತಿನಲ್ಲಿ, ನಾಲ್ಕು ಕಂಪ್ಯೂಟರಿನ ಮುಂದೆ ಕೂತಿದ್ದಳು. ವಯಸ್ಸು ಅರವತ್ತೆಂಟು. ಸಹಿ ಇರಬೇಕಾದ ಕಡೆ ಹೆಬ್ಬೆಟ್ಟು. ನಾಲ್ಕೂ ಸಾಲಿನಲ್ಲಿ ಒಂದೇ ಹೆಬ್ಬೆಟ್ಟು.

ಅದನ್ನು ರುದ್ರೇಶ ಮತ್ತೆ ನೋಡಿದ್ದು ಎರಡು ಸಾವಿರದ ಒಂಬತ್ತರಲ್ಲಿ, ಸೈಬರ್ ಕೆಫೆ ಖಾಲಿ ಮಾಡುವ ದಿನ. ಒಬ್ಬೊಬ್ಬರಾಗಿ ಗಿರಾಕಿಗಳೆಲ್ಲ ಬರುವುದು ನಿಂತು ವರ್ಷವಾಗಿತ್ತು. ಮನೆಗೇ ಕನೆಕ್ಷನ್ ಬಂದಿತ್ತು, ಹುಡುಗರ ಜೇಬಿನಲ್ಲಿ ಮೊಬೈಲ್ ಇತ್ತು. ಅದಕ್ಕೆ ಅಳುವಂಥದ್ದೇನೂ ಇರಲಿಲ್ಲ. ಐದು ಮಾನಿಟರ್ ಆಗಲೇ ಗುಜರಿಯವನ ಆಟೋ ಏರಿದ್ದವು. ಒಂದು ಉಳಿದಿತ್ತು. ಅದರ ಪಕ್ಕದ ಸ್ಟೂಲಿನ ಮೇಲೆ ಅವನ ಅವ್ವ ಹೊನ್ನವ್ವ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅದರಾಗ ನಂದೂ ಹೆಸರು ಐತಿ ಅಲ್ಲೇನು?" ಅಂದಳು.

"ನಿಂದೇ ಐತಿ ಅವ್ವಾ. ಬ್ಯಾರೆದವರದು ಹುಡುಕಬೇಕು."

ಕಾಮಾಕ್ಷಿಪಾಳ್ಯದಲ್ಲಿ, ಮಾಗಡಿ ರಸ್ತೆಯಿಂದ ಒಳಗೆ ಎರಡನೇ ಅಡ್ಡರಸ್ತೆ, ಹಿಟ್ಟಿನ ಗಿರಣಿಯ ಮೇಲೆ ಆ ಅಂಗಡಿ. ಗಿರಣಿ ಶುರುವಾದರೆ ಮೇಜುಗಳು ನಡುಗುತ್ತಿದ್ದವು. ಕೀಬೋರ್ಡು ಬೋರಲು ಹಾಕಿ ತಟ್ಟಿದರೆ ರಾಗಿಹಿಟ್ಟು ಉದುರುತ್ತಿತ್ತು. ಮೌಸಿನ ಹೊಟ್ಟೆ ಬಿಚ್ಚಿ, ಒಳಗಿನ ರಬ್ಬರ್ ಗುಂಡನ್ನು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕುವುದು ರುದ್ರೇಶನ ಬೆಳಗಿನ ಪೂಜೆ. ಹಾವೇರಿ ಕಡೆಯಿಂದ ಬಂದು, ಮೂರು ವರ್ಷ ಇನ್ನೊಬ್ಬರ ಕೆಫೆಯಲ್ಲಿ ದುಡಿದು, ಕೊನೆಗೆ ಸ್ವಂತದ್ದು ಅಂತ ಮಾಡಿಕೊಂಡ ಆರು ಮಷಿನ್.

ವಾರವೆಲ್ಲ ಕಾಲೇಜು ಹುಡುಗರು. ಭಾನುವಾರ ಮಧ್ಯಾಹ್ನ ಮಾತ್ರ ಗಾರ್ಮೆಂಟ್ಸಿನ ಹೆಂಗಸರದು. ಎಂಟು ಜನ, ಎಲ್ಲ ಉತ್ತರ ಕರ್ನಾಟಕದವರು, ಒಂದೇ ಯೂನಿಟ್ಟಿನವರು. ಮಷಿನ್ನಿಗೆ ಇಬ್ಬರಂತೆ ಒತ್ತಿಕೊಂಡು ಕೂರುತ್ತಿದ್ದರು. ಅವರು ನೋಡುತ್ತಿದ್ದುದು ಅಂಗಿ. ತಾವು ಹೊಲಿದು ಪೆಟ್ಟಿಗೆಗೆ ತುಂಬಿದ ಅಂಗಿಗಳು ಯಾವುದೋ ದೇಶದ ಅಂಗಡಿಯ ವೆಬ್‌ಸೈಟಿನಲ್ಲಿ ಬಿಳಿಯರ ಮೈಮೇಲೆ ಇರುತ್ತವೆ ಅಂತ ಅವರಿಗೆ ತೋರಿಸಿಕೊಟ್ಟವನು ರುದ್ರೇಶನೇ. ಒಂದು ಸಲ ತೋರಿಸಿದ್ದೇ ತಪ್ಪಾಯಿತು. ಅಲ್ಲಿಂದ ಮುಂದೆ ಭಾನುವಾರ ತಪ್ಪುತ್ತಿರಲಿಲ್ಲ.

ಆಗ ಫೋಟೋ ಒಮ್ಮೆಗೇ ಬರುತ್ತಿರಲಿಲ್ಲ. ಅಂಗಡಿಯ ಷಟರ್ ಎಳೆದ ಹಾಗೆ ಮೇಲಿನಿಂದ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಮೊದಲು ಕೂದಲು, ಆಮೇಲೆ ಹಣೆ, ಮೂಗು, ಆಮೇಲೆ ಕಾಲರ್. ಅಷ್ಟೂ ಹೊತ್ತು ಎಂಟು ಜನ ಉಸಿರು ಹಿಡಿದಿರುತ್ತಿದ್ದರು.

"ಬಂತು ನೋಡ್ರೆ ನನ್ನ ಕಾಲರ್," ಅನ್ನುತ್ತಿದ್ದಳು ಕಲಾವತಿ. ಹೊಲಿಗೆ ಲೈನಿನಲ್ಲಿ ಅವಳದು ಕಾಲರಿನ ಕೆಲಸ.

"ನಿನ್ನ ಕಾಲರಿಗೆ ಛಲೋ ಕುತ್ತಿಗಿ ಸಿಕ್ಕೈತಿ ಬಿಡು," ಕಫ್ ಹೊಲಿಯುವ ನೀಲಗಂಗಮ್ಮ ಮುಖ ಸಿಂಡರಿಸುತ್ತಿದ್ದಳು. "ನನ್ನ ಕಫ್ ಬರೂದ್ರಾಗ ಕರೆಂಟ್ ಹೋಗ್ತೈತಿ."

ಎಷ್ಟೋ ಸಲ ಹೋಗುತ್ತಲೂ ಇತ್ತು.

ಹೀಗಿರುವಾಗ ಸರ್ಕಾರದ ಹೊಸ ನಿಯಮ ಬಂತು. ಠಾಣೆಯ ದಫೇದಾರ್ ದೊಡ್ಡಹನುಮಯ್ಯ ಒಂದು ಜೆರಾಕ್ಸ್ ಪ್ರತಿ ತಂದು ಮೇಜಿನ ಮೇಲಿಟ್ಟು ಓದಿ ಹೇಳಿದ. ಮಷಿನ್ನುಗಳ ನಡುವಿನ ಪ್ಲೈವುಡ್ ಕುಳಿತವರ ತಲೆ ಕಾಣುವಷ್ಟು ಗಿಡ್ಡ ಇರಬೇಕು. ಬಂದವರ ಹೆಸರು, ವಿಳಾಸ, ಹೊತ್ತು, ಸಹಿ ರಿಜಿಸ್ಟರಿನಲ್ಲಿರಬೇಕು. ಫೋಟೋ ಇರುವ ಗುರುತಿನ ಚೀಟಿ ಇಲ್ಲದವರನ್ನು ಕೂರಿಸಿದರೆ ಲೈಸೆನ್ಸ್ ರದ್ದು.

ಹೆಂಗಸರ ಹತ್ತಿರ ಇದ್ದುದು ಫೋಟೋ ಇಲ್ಲದ ಇ.ಎಸ್.ಐ. ಕಾರ್ಡು, ಗೇಟಿನ ಟೋಕನ್ನು. ರೇಷನ್ ಕಾರ್ಡೆಲ್ಲ ಊರಲ್ಲಿ. ರುದ್ರೇಶ ಎರಡು ದಿನ ಯೋಚಿಸಿದ. ಅಂಗಡಿಯಲ್ಲಿ ಅವ್ವನ ವೋಟರ್ ಕಾರ್ಡಿನ ಜೆರಾಕ್ಸ್ ಒಂದಿತ್ತು. ಶನಿವಾರ ಸಂಜೆ ಇಂಕ್ ಪ್ಯಾಡ್ ತಂದು, ನಾಳೆಯ ನಾಲ್ಕು ಸಾಲಿಗೆ ಇವತ್ತೇ ಹೆಬ್ಬೆಟ್ಟು ಒತ್ತಿಸಿಕೊಂಡ.

"ಪೆನ್ಷನ್ ತಗೊಳ್ಳುವಾಗನೂ ಇಷ್ಟು ಒತ್ತಿಲ್ಲಪಾ ನಾನು," ಅಂದಳು ಹೊನ್ನವ್ವ.

ಅದು ಪ್ರತಿ ಶನಿವಾರದ ಪದ್ಧತಿಯಾಯಿತು. ಬೇರೆ ಬೇರೆ ಹೆಸರು ಹುಟ್ಟಿಸಿ ಬರೆಯಬಹುದಿತ್ತು. ಅದು ಮೋಸ ಅನ್ನಿಸಿತು ಅವನಿಗೆ. ಅವ್ವನ ಹೆಸರಾದರೆ ಮನೆಯದೇ.

ಸೇತುರಾಮರು ಮಾತ್ರ ಕಾರ್ಡಿಲ್ಲದೆ ಕುರ್ಚಿ ಮುಟ್ಟುತ್ತಿರಲಿಲ್ಲ. ಬಸವೇಶ್ವರನಗರದಿಂದ ದಿನಾ ಸಂಜೆ ನಡೆದು ಬಂದು, ಒಂದನೇ ಮಷಿನ್ನಿನಲ್ಲಿ ಬಲ್ಗೇರಿಯಾದ ಯಾರದೋ ಜೊತೆ ಚೆಸ್ ಆಡುತ್ತಿದ್ದರು. ಸೆಕ್ರೆಟೇರಿಯಟ್‌ನಲ್ಲಿ ಸೆಕ್ಷನ್ ಆಫೀಸರ್ ಆಗಿದ್ದು ರಿಟೈರ್ ಆದವರು.

"ನಿಮ್ಮ ಮುಖ ದಿನಾ ನೋಡ್ತೀನಿ, ಬಿಡಿ ಸಾರ್," ರುದ್ರೇಶ ಒಮ್ಮೆ ಅಂದಿದ್ದ.

"ನಾನೇ ಬರೆದು ನಾನೇ ಬಿಟ್ಟರೆ ಹೆಂಗಯ್ಯಾ?"

"ಏನ್ ಬರೆದ್ರಿ ಸಾರ್?"

"ಈ ರೂಲ್ಸು. ಕರಡು ನಂದು. ರಿಟೈರ್ ಆಗೋ ಮುಂಚಿನ ಕೊನೇ ಫೈಲು." ಅವರು ಸಾಲು ತುಂಬಿ, ಸಹಿ ಹಾಕಿ, ಅಡಿಗೆರೆ ಎಳೆದರು. ಪುಟದ ಮೇಲಿದ್ದ ಹೆಬ್ಬೆಟ್ಟುಗಳನ್ನು ನೋಡಿದರೋ ಇಲ್ಲವೋ ರುದ್ರೇಶನಿಗೆ ತಿಳಿಯಲಿಲ್ಲ.

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಒಂದು ಭಾನುವಾರ ಕಲಾವತಿ ಅಂಗಿ ನೋಡಲಿಲ್ಲ. ನಾಲ್ಕನೇ ಮಷಿನ್ನಿಗೆ ರುದ್ರೇಶನನ್ನು ಕರೆದಳು.

"ಅಣ್ಣಾರ, ಈ ಅಂಗಿ ಮಾರೋರಿಗೆ ಒಂದು ಪತ್ರ ಹಾಕಬೇಕ್ರಿ. ಇಂಗ್ಲಿಷಿನ್ಯಾಗ."

ಯೂನಿಟ್ಟಿನಲ್ಲಿ ಟಾಯ್ಲೆಟ್ಟಿಗೆ ಬೀಗ ಹಾಕಿದ್ದರು. ನಲವತ್ತು ಜನರ ಲೈನಿಗೆ ದಾರ ಕಟ್ಟಿದ ಒಂದು ಟೋಕನ್. ಅದು ಕೈಗೆ ಬಂದವರು ಹೋಗಬೇಕು, ಬರುವವರೆಗೆ ಕಾಯಬೇಕು. ಹಾಗಾಗಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಒಬ್ಬಳು ಮಷಿನ್ ಮೇಲೇ ಬಿದ್ದಿದ್ದಳು. ಕಲಾವತಿ ಹೇಳಿದಳು, ರುದ್ರೇಶ ತನಗೆ ಬಂದ ಇಂಗ್ಲಿಷಿನಲ್ಲಿ ಟೈಪ್ ಮಾಡಿದ. ಅಂಗಿ ಮಾರುವ ಕಂಪನಿಯ ದೂರಿನ ವಿಳಾಸಕ್ಕೆ ಹೆಸರಿಲ್ಲದ ಮೇಲ್ ಹೋದಾಗ ಗಂಟೆ ಎರಡೂ ಮುಕ್ಕಾಲು.

"ನನ್ನ ಹೆಸರು ಎಲ್ಲೂ ಇಲ್ಲಲ್ಲ?" ಎರಡು ಸಲ ಕೇಳಿದಳು. "ಗೊತ್ತಾದ್ರ ನಾಳೆನ ಗೇಟಿನ ಹೊರಗ ಹಾಕ್ತಾರ. ಬ್ಯಾರೆ ಯೂನಿಟ್ಟಿನ್ಯಾಗೂ ತಗೊಳ್ಳಂಗಿಲ್ಲ."

ಒಂಬತ್ತನೇ ದಿನ ಸಂಜೆ ದೊಡ್ಡಹನುಮಯ್ಯ ಮೆಟ್ಟಿಲು ಹತ್ತಿ ಬಂದ. ಜೊತೆಗೆ ಟೈ ಕಟ್ಟಿದ ಒಬ್ಬ. ಯೂನಿಟ್ಟಿನ ಎಚ್.ಆರ್. ಅಂಗಿ ಮಾರುವವರು ಆ ಮೇಲನ್ನು, ಹೊತ್ತಿನ ಸಮೇತ, ವಿಚಾರಣೆಗೆ ಯೂನಿಟ್ಟಿಗೇ ಕಳಿಸಿದ್ದರು. ಆ ಹೆಂಗಸರು ಭಾನುವಾರ ಎಲ್ಲಿಗೆ ಹೋಗುತ್ತಾರೆ ಅಂತ ಅವರ ಗೇಟಿನ ಸೆಕ್ಯುರಿಟಿಗೂ ಗೊತ್ತಿತ್ತು.

"ಹೋದ ಭಾನುವಾರ ಬೇಡ, ಅದರ ಹಿಂದಿನ ಭಾನುವಾರ ತೆಗಿಯಪ್ಪ. ಎರಡೂ ಮುಕ್ಕಾಲು," ಅಂದ ದೊಡ್ಡಹನುಮಯ್ಯ. ರುದ್ರೇಶ ತೆಗೆಯುವ ಮುಂಚೆಯೇ ರಿಜಿಸ್ಟರ್ ಎಳೆದುಕೊಂಡು ಬೆರಳಾಡಿಸಿದ. "ಹೊನ್ನವ್ವ. ಹೊನ್ನವ್ವ. ಹೊನ್ನವ್ವ. ಹೊನ್ನವ್ವ. ಯಾರೋ ಇವರು?"

"ನಮ್ಮ ತಾಯಿ ಸಾರ್."

"ಕರಿ."

ಹೊನ್ನವ್ವ ಸೆರಗಿಗೆ ಕೈ ಒರೆಸುತ್ತ ಒಳಗಿನ ಕೋಣೆಯಿಂದ ಬಂದಳು.

"ಏನಜ್ಜಿ, ಕಂಪ್ಯೂಟರ್ ಬರುತ್ತಾ ನಿಮಗೆ?"

ಅವಳು ಮಗನ ಮುಖ ನೋಡಿದಳು. "ಬರ್ತೈತಿ," ಅಂದಳು.

"ನಾಲ್ಕರಲ್ಲೂ ಒಟ್ಟಿಗೇ?"

"ಒಂದು ನಿಂತ್ರ ಇನ್ನೊಂದು ಬೇಕಲ್ಲಪಾ."

"ಏನ್ ನೋಡ್ತೀರಿ ಅದರಲ್ಲಿ?"

"ಅಂಗಿ."

ಅವ್ವ ಸುಳ್ಳು ಹೇಳಿರಲಿಲ್ಲ. ಭಾನುವಾರ ಹೆಂಗಸರ ಬೆನ್ನ ಹಿಂದೆ ನಿಂತು ಅವಳು ನೋಡುತ್ತಿದ್ದುದು ಅದನ್ನೇ. ಟೈ ಕಟ್ಟಿದವನು ಮೊದಲ ಸಲ ನಕ್ಕ. "ಯಾರು ಹೊಲಿಯೋ ಅಂಗಿ ಅಜ್ಜಿ? ಅವರ ಹೆಸರು ಹೇಳಿ ನೋಡೋಣ."

"ರಿಜಿಸ್ಟರ್ ಮುಚ್ಚು ರುದ್ರೇಶ."

ಸೇತುರಾಮರು ಚೆಸ್ ಬಿಟ್ಟು ಎದ್ದಿದ್ದರು. "ದಫೇದಾರ್ರೇ, ಈ ಪುಸ್ತಕ ನೋಡೋಕೆ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಬರಬೇಕು. ಅದೂ ಲಿಖಿತ ಆದೇಶ ತಗೊಂಡು. ಐದನೇ ನಿಯಮ, ಮೂರನೇ ಉಪನಿಯಮ. ಖಾಸಗಿಯವರಿಗೆ ತೋರಿಸೋ ಹಾಗೇ ಇಲ್ಲ. ನಿಮ್ಮ ಜೆರಾಕ್ಸಿನಲ್ಲಿ ಎರಡನೇ ಪುಟದ ಕೆಳಗಿದೆ."

"ನೀವ್ಯಾರು ಸಾರ್?" ಟೈಯವನು ಕೇಳಿದ.

"ಅದನ್ನ ಬರೆದವನು."

ದೊಡ್ಡಹನುಮಯ್ಯ ಜೇಬಿನಿಂದ ಮಡಿಸಿದ ಜೆರಾಕ್ಸ್ ತೆಗೆದು, ಎರಡನೇ ಪುಟದ ಕೆಳಗೆ ನಿಧಾನವಾಗಿ ಓದಿದ. ಮೂವತ್ತು ವರ್ಷದ ಸರ್ವಿಸ್ ಅವನದು. ಇಂಥ ಮನುಷ್ಯರು ಅರ್ಜಿ ಬರೆಯಲು ಕೂತರೆ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. "ಬನ್ನಿ ಸಾರ್, ಕಾಗದ ಮಾಡಿಸ್ಕೊಂಡು ಬರೋಣ," ಅಂತ ಟೈಯವನನ್ನು ಕರೆದುಕೊಂಡು ಇಳಿದುಹೋದ.

ಕೈ ಮುಗಿಯಲು ಹೋದ ರುದ್ರೇಶನನ್ನು ಸೇತುರಾಮರು ತಡೆದರು. "ಕೈ ಮುಗೀಬೇಡ. ನಿನ್ನ ಮೇಲೆ ನನಗೆ ಕೋಪ ಇದೆ. ನಾಲ್ಕು ತಿಂಗಳಿಂದ ನೋಡ್ತಾ ಇದೀನಿ ಈ ಹೆಬ್ಬೆಟ್ಟು. ಇನ್ಸ್‌ಪೆಕ್ಟರ್ರೇ ಕಾಗದ ಹಿಡ್ಕೊಂಡು ಬಂದ್ರೆ ನಾನು ಬಾಯಿ ಮುಚ್ಕೋಬೇಕು. ನಿಮ್ಮ ತಾಯೀನ ಜೀಪ್ ಹತ್ತಿಸ್ತಾರೆ. ಮುಂದಿನ ಭಾನುವಾರದಿಂದ ಕಾರ್ಡ್ ಇದ್ರೆ ಕೂರ್ಸು, ಇಲ್ದಿದ್ರೆ ಇಲ್ಲ."

ಆ ಭಾನುವಾರ ಅವರೂ ಬಂದು ಬಾಗಿಲ ಪಕ್ಕ ಕೂತರು. ಹೆಂಗಸರು ಬಂದರು. ರುದ್ರೇಶ ತಲೆ ತಗ್ಗಿಸಿಕೊಂಡೇ ವಿಷಯ ಹೇಳಿದ. ಕಲಾವತಿ ಎಲ್ಲ ಕೇಳಿಸಿಕೊಂಡು ಮುದುಕರ ಕಡೆ ತಿರುಗಿದಳು.

"ಈ ರೂಲ್ಸು ನೀವ ಮಾಡಿದ್ದೇನ್ರಿ?"

"ಹೌದಮ್ಮ."

"ನಿಮ್ಮನ್ನ ಯಾರು ಆರಿಸಿದ್ರು?"

"ಯಾರೂ ಇಲ್ಲ. ಪರೀಕ್ಷೆ ಬರೆದು ಸೇರಿದೆ."

"ಮತ್ತ ಆರಿಸಿ ಬಂದೋರು?"

"ಸಹಿ ಹಾಕಿದ್ರು. ಇಂಟರ್ನೆಟ್ ಅಂದ್ರೆ ಟಿವಿ ಥರಾನೇ ಅಲ್ವೇನ್ರೀ ಅಂತ ಕೇಳಿದ್ರು, ಅಷ್ಟೇ. ಓದಲಿಲ್ಲ."

"ಅಂದ್ರ ವೋಟು ಹಾಕಿಸ್ಕೊಂಡೋರು ಓದ್ಲಿಲ್ಲ. ಓದಿದೋರಿಗೆ ನಾವು ವೋಟು ಹಾಕ್ಲಿಲ್ಲ."

"ನಾ ಅಂತೂ ಯಾರಿಗೂ ಹಾಕಿಲ್ಲ ಬಿಡವಾ, ಕಾರ್ಡೇ ಇಲ್ಲ," ಅಂದಳು ನೀಲಗಂಗಮ್ಮ. ಎಲ್ಲರೂ ನಕ್ಕರು. ಸೇತುರಾಮರು ನಗಲಿಲ್ಲ.

"ಒಬ್ಬ ಬಾಂಬ್ ಇಟ್ಟಿದೀನಿ ಅಂತ ಶಾಲೆಗೆ ಮೇಲ್ ಕಳಿಸಿದ್ದ ಕಣಮ್ಮ. ಆರು ನೂರು ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸಿದ್ರು. ಎಲ್ಲಿಂದ ಬಂತು ಅಂತ ಹುಡುಕ್ಕೊಂಡು ಹೋದ್ರೆ ಸಿಕ್ಕಿದ್ದು ಇಂಥದೇ ಒಂದು ಅಂಗಡಿ, ಒಂದು ಖಾಲಿ ಕುರ್ಚಿ. ಬರೆಯೋವಾಗ ನನ್ನ ಕಣ್ಣ ಮುಂದೆ ಅವನಿದ್ದ. ಯಾರಾದ್ರೂ ಬರೀಬೇಕಿತ್ತು."

"ನಾವಿದ್ವಿ ಏನ್ರಿ, ನಿಮ್ಮ ಕಣ್ಣ ಮುಂದ?"

ಸೇತುರಾಮರು "ಇರ್ಲಿಲ್ಲ," ಅಂದರು.

"ಖರೇ ಹೆಸರು ಬರೆದ್ರ ನನ್ನ ಕೆಲಸ ಹೋಗ್ತೈತ್ರಿ. ಬರಂಗಿಲ್ಲ ನಾವು," ಅಂದು ಕಲಾವತಿ ಚಪ್ಪಲಿ ಮೆಟ್ಟಿದಳು. ಎಂಟು ಜನ ಮೆಟ್ಟಿಲಿಳಿದು ಹೋದರು. ನಾಲ್ಕು ಮಷಿನ್ ಖಾಲಿ. ಕೆಳಗೆ ಗಿರಣಿ ಮಾತ್ರ ತಿರುಗುತ್ತಿತ್ತು.

ಇನ್ಸ್‌ಪೆಕ್ಟರ್ ಕಾಗದ ಹಿಡಿದು ಬರಲೇ ಇಲ್ಲ. ಅಷ್ಟರಲ್ಲಿ ಅಂಗಿ ಮಾರುವವರ ಕಡೆಯಿಂದ ಇಬ್ಬರು ಯೂನಿಟ್ಟಿಗೇ ಬಂದು ಟಾಯ್ಲೆಟ್ಟಿನ ಬಾಗಿಲು ನೋಡಿ ಬರೆದುಕೊಂಡು ಹೋದರು. ಟೈಯವನಿಗೆ ಮೇಲ್ ಹುಡುಕುವುದಕ್ಕಿಂತ ದೊಡ್ಡ ತಲೆಬಿಸಿ ಶುರುವಾಯಿತು. ಇದು ರುದ್ರೇಶನಿಗೆ ಗೊತ್ತಾದದ್ದು ಕಲಾವತಿ ಜೋಳ ಬೀಸಿಸಲು ಗಿರಣಿಗೆ ಬಂದಾಗ. ಮೇಲೆ ಹತ್ತಲಿಲ್ಲ ಅವಳು. ಕೆಳಗಿನಿಂದಲೇ ಕೂಗಿದಳು: "ಬೀಗ ತೆಗೆದ್ರು ಅಣ್ಣಾರ. ಟೋಕನ್ನೂ ಇಲ್ಲ. ನನ್ನ ಹೆಸರು ಯಾರಿಗೂ ಗೊತ್ತಾಗಿಲ್ಲ."

ಅವ್ವನ ಹೆಬ್ಬೆಟ್ಟು ಮತ್ತೆ ಒತ್ತಿಸಲು ಆ ಸುದ್ದಿ ಬಂದ ಶನಿವಾರ ಅವನ ಕೈ ಇಂಕ್ ಪ್ಯಾಡಿನವರೆಗೂ ಹೋಗಿತ್ತು. ಒತ್ತಿಸಲಿಲ್ಲ. ಹೆದರಿದ್ದ. ಅದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ಸುಳ್ಳಾಗುತ್ತದೆ.

ಮುಂದಿನ ವರ್ಷ, ಎಲೆಕ್ಷನ್ನಿಗೆ ಎರಡು ವಾರ ಇದ್ದಾಗ, ಒಂದು ಭಾನುವಾರ ಕಲಾವತಿ ಒಬ್ಬಳೇ ಮೇಲೆ ಬಂದಳು. ಹಳೆಯ ಯೂನಿಟ್ ಬಿಟ್ಟು ದೀಪಾಂಜಲಿ ನಗರದ ಕಡೆ ಇನ್ನೊಂದು ಯೂನಿಟ್ ಸೇರಿದ್ದಳು. ಹೊಸ ವೋಟರ್ ಕಾರ್ಡನ್ನು ಮೇಜಿನ ಮೇಲಿಟ್ಟಳು. ಫೋಟೋದಲ್ಲಿ ಅವಳೋ ಅವಳ ತಂಗಿಯೋ ಹೇಳುವ ಹಾಗಿರಲಿಲ್ಲ.

"ಕೊಡ್ರಿ ಇಲ್ಲಿ ರಿಜಿಸ್ಟರು, ನಾನ ಬರೀತೀನಿ."

ಸೇತುರಾಮರು ಒಂದನೇ ಮಷಿನ್ನಿನಿಂದ ತಿರುಗಿ ನೋಡಿದರು. "ಯಾರಿಗೆ ಹಾಕ್ತೀಯಮ್ಮ ಈ ಸಲ?"

"ನಿಮ್ಮ ಹೆಸರು ಐತೇನೋ ಅಂತ ಲಿಸ್ಟ್ ನೋಡಿದೆ. ಇಲ್ಲ."

"ನಿಂತ್ರೆ ಹಾಕ್ತಿದ್ಯಾ?"

"ಇಲ್ರಿ," ಅಂದಳು ಕಲಾವತಿ. ಆಗ ಮುದುಕರು ನಕ್ಕುಬಿಟ್ಟರು.

ಈಗ, ಖಾಲಿ ಅಂಗಡಿಯಲ್ಲಿ, ರುದ್ರೇಶ ಹುಡುಕುತ್ತಿದ್ದುದು ಆ ಸಾಲನ್ನೇ. ಸಿಕ್ಕಿತು. ದಪ್ಪ ದಪ್ಪ ಅಕ್ಷರ, ಪೂರ್ತಿ ಹೆಸರು, ಪೂರ್ತಿ ವಿಳಾಸ. ಬಂದ ಉದ್ದೇಶ ಅನ್ನುವ ಕಡೆ ಎಲ್ಲರೂ 'ಬ್ರೌಸಿಂಗ್' ಅಂತ ಬರೆಯುತ್ತಿದ್ದರು. ಅವಳು 'ಅಂಗಿ ನೋಡಲು' ಅಂತ ಬರೆದಿದ್ದಳು. ರಿಜಿಸ್ಟರನ್ನು ಒಂದು ವರ್ಷ ಇಡಬೇಕು ಅಂತ ನಿಯಮವಿತ್ತು. ಅದಾದ ಮೇಲೆ ಏನು ಮಾಡಬೇಕು ಅಂತ ಸೇತುರಾಮರು ಬರೆದಿರಲಿಲ್ಲ. ಅವನು ಅದನ್ನು ಗುಜರಿಯ ರಾಶಿಯಿಂದ ತೆಗೆದು ಬೆಳ್ಳುಳ್ಳಿ ಬುಟ್ಟಿಯ ಪಕ್ಕ ಇಟ್ಟ.

"ಇಷ್ಟು ಸಲ ನನ್ನ ಹೆಸರು ಬರೆದಿ," ಹೊನ್ನವ್ವ ಅಂದಳು. "ಒಂದು ಅಂಗಿನೂ ನಾ ಪೂರಾ ನೋಡ್ಲಿಲ್ಲ. ಕಾಲರ್ ಬರೂದ್ರಾಗ ಒಲಿ ಮ್ಯಾಲಿನ ಹಾಲು ನೆನಪಾಗ್ತಿತ್ತು."

ರುದ್ರೇಶ ಉಳಿದಿದ್ದ ಒಂದು ಮಷಿನ್ ಹಚ್ಚಿ ಅದೇ ಅಂಗಿ ಅಂಗಡಿಯ ವಿಳಾಸ ಟೈಪ್ ಮಾಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಅಂಗಿ ಬಂತು. ಕೂದಲು, ಮುಖ, ಕಾಲರ್, ಕಫ್, ಎಲ್ಲ ಒಟ್ಟಿಗೇ.

"ಇಷ್ಟ ಏನು? ಇಷ್ಟು ಲಗೂ?" ಹೊನ್ನವ್ವನ ಮುಖದಲ್ಲಿ ನಿರಾಸೆ ಇತ್ತು. ಆಮೇಲೆ ಅಭ್ಯಾಸಬಲದಿಂದ ಬಲಗೈ ಹೆಬ್ಬೆರಳು ಸೆರಗಿಗೆ ಒರೆಸಿಕೊಂಡಳು. "ಇದಕ್ಕೂ ಒತ್ತಬೇಕೇನು?"

"ಬ್ಯಾಡವ್ವ," ಅಂದ ರುದ್ರೇಶ. ಅವಳು ನೋಡಿ ಮುಗಿಸುವವರೆಗೆ ನಿಂತಿದ್ದು, ಪ್ಲಗ್ ಕಿತ್ತ.