ಇಬ್ಬರ ಬಟ್ಟೆ ಹಿಡಿಯುವಷ್ಟು

ನಾನು ಒಂದು ಸೂಟ್‌ಕೇಸು. ಗಿಣಿಹಸಿರು ಬಣ್ಣ, ನಾಲ್ಕು ಗಾಲಿ, ಎಳೆದರೆ ಉದ್ದವಾಗುವ ಹಿಡಿಕೆ. ನನ್ನ ಹುಟ್ಟಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಒಂದು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಎಳೆದು, ಆರಿಸಿ, ಅಂಚು ಕತ್ತರಿಸಿದರು. ಒಬ್ಬ ಹೆಂಗಸು ಎರಡು ಹೋಳುಗಳನ್ನು ಜಿಪ್ಪಿನಿಂದ ಜೋಡಿಸಿ, ಒಳಗೆ ಬೂದು ಬಣ್ಣದ ಲೈನಿಂಗ್ ಹೊಲಿದು, ಬಟ್ಟೆ ಅಲುಗಾಡದ ಹಾಗೆ ಇಲಾಸ್ಟಿಕ್ ಪಟ್ಟಿ ಅಡ್ಡ ಹಾಕಿದಳು. ಆಗ ನಾನು ಒಂದಾದೆ. ಆಕೆ ನನ್ನನ್ನು ಎರಡನೇ ಸಲ ನೋಡಲಿಲ್ಲ. ಹಿಂದೆ ಇನ್ನೊಂದು ಕಾದಿತ್ತು.

ಗದಗಿನ ಒಂದು ಅಂಗಡಿಯ ಮುಂದೆ ಪ್ಲಾಸ್ಟಿಕ್ ಮುಸುಕು ಹೊದ್ದು ನೇತಾಡುತ್ತಿದ್ದೆ. ನನ್ನ ಬಣ್ಣ ನೋಡಿ ಎಷ್ಟೋ ಜನ ನಕ್ಕು ಕಪ್ಪು ಸೂಟ್‌ಕೇಸು ಒಯ್ದರು. ಒಂದು ದಿನ ಕಸ್ತೂರಿ ಬಂದಳು. ಮುಂಡರಗಿಯವಳು, ಬ್ಲೌಸು ಹೊಲಿಯುವವಳು. ಮದುವೆ ಗೊತ್ತಾಗಿತ್ತು. ನನ್ನನ್ನು ಇಳಿಸಿ, ಜಿಪ್ಪನ್ನು ಮೂಲೆಯವರೆಗೆ ಎಳೆದು, ಹೊಲಿಗೆಯ ಮೇಲೆ ಉಗುರು ಆಡಿಸಿದಳು. ಹೊಲಿಗೆ ಬಲ್ಲವಳ ಉಗುರು ಅದು. ಆಮೇಲೆ ಕೇಳಿದಳು:

"ಈ ಗಾಲಿ ಉಸುಕಿನ್ಯಾಗ ಓಡ್ತಾವೇನ್ರಿ?"

ಅಂಗಡಿಯವ ನಕ್ಕ. "ಗದಗಿನ್ಯಾಗ ಉಸುಕು ಎಲ್ಲಿ ಹುಡುಕಾಕ ಹೊಂಟಿ, ತಂಗೀ?"

"ಗದಗಿನ್ಯಾಗಲ್ಲ. ಸಮುದ್ರದ ದಂಡಿಗೆ."

ಅವನು ಓಡುತ್ತವೆ ಎಂದ. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಆದರೆ ಆ ಹುಡುಗಿಯ ಜತೆ ಹೋಗಬೇಕು ಅನ್ನಿಸಿ ನಾನೂ ಸುಮ್ಮನಿದ್ದೆ.

ಕಸ್ತೂರಿ ಸೇರಿದ್ದು ಬೆಟಗೇರಿಯ ಬಡಿಗೇರ ಮನೆಗೆ. ಮುಂದೆ ಮರಗೆಲಸದ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಒಂದು ಉದ್ದನೆಯ ಕೋಣೆ. ಆ ಕೋಣೆಗೆ ಹಳೆಯ ಸೀರೆಯ ಪರದೆ ಕಟ್ಟಿ ಒಂದು ಭಾಗವನ್ನು ಹೊಸ ಗಂಡಹೆಂಡತಿಗೆ ಬಿಟ್ಟಿದ್ದರು. ಪರದೆಯ ಆಚೆ ಚಿನ್ನವ್ವನ ಮಂಚ. ಚಿನ್ನವ್ವ ಎಂದರೆ ಮಾವನ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತು ಅಣ್ಣನ ಮನೆ ಸೇರಿದವಳು. ನಿದ್ದೆ ಕಡಿಮೆ, ಮಾತು ಹೆಚ್ಚು. ಕಸ್ತೂರಿಯ ಗಂಡ ಮೌನೇಶ ಒಳ್ಳೆಯ ಕೆಲಸಗಾರ. ತಾಯಿಯ ಎದುರು ಮಾತ್ರ ಅವನ ನಾಲಿಗೆ ಏಳುತ್ತಿರಲಿಲ್ಲ. ಗಂಡ ಹೆಂಡತಿ ಏನಾದರೂ ಪಿಸುಗುಟ್ಟಿದರೆ ಪರದೆಯ ಆಚೆಯಿಂದ, "ಮೌನ್ಯಾ, ನನ್ನ ಕರದಿಯೇನೋ?" ಎಂಬ ಉತ್ತರ ಬರುತ್ತಿತ್ತು.

ಕಸ್ತೂರಿಗೆ ಸಮುದ್ರದ ಹುಚ್ಚೇನೂ ಇರಲಿಲ್ಲ. ಅಲೆ, ಸೂರ್ಯಾಸ್ತ ಇವೆಲ್ಲ ಅವಳಿಗೆ ಕ್ಯಾಲೆಂಡರಿನ ಚಿತ್ರಗಳು. ಅವಳಿಗೆ ಬೇಕಾಗಿದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ನಾಲ್ಕು ದಿನದ ಮಟ್ಟಿಗೆ. ಗಂಡನ ಜತೆ ಒಂದು ಮಾತನ್ನಾದರೂ ಶುರುವಿನಿಂದ ಕೊನೆಯವರೆಗೆ ಆಡಬೇಕಿತ್ತು. ಬರೀ ಮಾತಷ್ಟೇ ಅಲ್ಲ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯುವಂತೆಯೂ ಇರಲಿಲ್ಲ. ಮೌನೇಶ ಒಂದು ಶಾಲೆಯ ಬೆಂಚುಗಳ ಕೆಲಸ ಹಿಡಿದಿದ್ದ. ಅದು ಶುರುವಾದರೆ ಮಳೆಗಾಲದವರೆಗೆ ತಲೆ ಎತ್ತುವಂತಿಲ್ಲ. ಈಗ ಹೋಗದಿದ್ದರೆ ಆಮೇಲೆ ಹೋಗುವುದು ಆಗದ ಮಾತು.

ಅವಳು ನನ್ನನ್ನು ಮೊದಲ ಸಲ ತುಂಬಿದ್ದನ್ನು ನಾನು ಮರೆತಿಲ್ಲ. ಮದುವೆಯಾದ ಮೇಲೆ ಮುಟ್ಟದ ಎರಡು ಚೂಡಿದಾರ, ಒಂದು ನೈಟಿ, ಗಂಡನ ಅಂಗಿಗಳು, ಟವೆಲು, ಕೊಬ್ಬರಿಎಣ್ಣೆ, ಬಿಸಿಲಿಗೆ ಹಚ್ಚುವ ಕ್ರೀಮು. ಗಂಡನಿಗೆಂದು ಗುಟ್ಟಾಗಿ ತಂದ, ಮೊಣಕಾಲುದ್ದದ ದಾಸವಾಳ ಹೂವಿನ ಚಡ್ಡಿ. ಪ್ರತಿ ಬಟ್ಟೆಯನ್ನೂ ಸುರುಳಿ ಸುತ್ತಿ ಒತ್ತಾಗಿ ಜೋಡಿಸಿದಳು. ಒಂದು ಮೂಲೆ ಖಾಲಿ ಉಳಿಯಿತು. ನಾನು ಇಬ್ಬರ ಬಟ್ಟೆಗೆ ಹೇಳಿ ಮಾಡಿಸಿದ ಹಾಗಿದ್ದೆ. ಕಾರ್ಖಾನೆಯಲ್ಲಿ ನನ್ನನ್ನು ಅಳೆದವರಿಗೂ ನನ್ನ ಅಳತೆ ಅಷ್ಟು ಸರಿಯಾಗಿ ತಿಳಿದಿರಲಿಕ್ಕಿಲ್ಲ.

ಅಷ್ಟರಲ್ಲಿ ಅತ್ತೆ ಕಾಳವ್ವ ಪರದೆ ಸರಿಸಿದಳು. "ಎಲ್ಲಿಗಪಾ ಸವಾರಿ?"

ಕಸ್ತೂರಿ ಬಾಯಿ ತೆರೆಯುವ ಮೊದಲೇ ಮೌನೇಶ ಹೇಳಿಬಿಟ್ಟ: "ಗೋಕರ್ಣಕ್ಕ, ಅವ್ವಾ. ಆತ್ಮಲಿಂಗದ ದರ್ಶನಕ್ಕ."

ಊರು ಅದೇ, ಗೋಕರ್ಣವೇ. ಹೊರಟಿದ್ದು ದರ್ಶನಕ್ಕಲ್ಲ, ಅಷ್ಟೇ. ಅವ್ವನ ಎದುರು ಹನಿಮೂನು ಎನ್ನಲು ನಾಲಿಗೆ ಏಳದೆ ಅವನು ದೇವರನ್ನು ಅಡ್ಡ ಹಿಡಿದ. ಆದರೆ ಆ ಮನೆಯಲ್ಲಿ ಒಂದು ರೂಢಿ ಇತ್ತು: ದೇವರ ದರ್ಶನಕ್ಕೆ ಹೊರಟವರನ್ನು ತಡೆಯಬಾರದು, ನಾನೂ ಬರುತ್ತೇನೆ ಅಂದವರಿಗೆ ಬೇಡ ಅನ್ನಬಾರದು. ಬೇಡ ಅಂದರೆ ಪಾಪ. ಮೌನೇಶ ಹುಟ್ಟಿ ಬೆಳೆದದ್ದೇ ಆ ರೂಢಿಯಲ್ಲಿ. ಆ ಗಳಿಗೆಯಲ್ಲಿ ಅದೇ ಅವನಿಗೆ ನೆನಪಾಗಲಿಲ್ಲ.

"ಅಯ್ಯ ನನ್ನ ಬಂಗಾರ! ಮದುವಿಯಾದ ಕೂಡಲೇ ದೇವರು ನೆನಪಾದನಲ್ಲ!" ಎಂದು ಕಾಳವ್ವ ಮಗನ ದೃಷ್ಟಿ ತೆಗೆದಳು. "ನಾನೂ ಬರ್ತೀನಿ. ನಿಮ್ಮಪ್ಪನೂ ಬರ್ತಾನ."

"ನನ್ನೇನು ಮನಿ ಕಾಯಾಕ ಬಿಡ್ತೀರೇನು?" ಎಂದು ಚಿನ್ನವ್ವ ಮಂಚದಿಂದಲೇ ಕೂಗಿದಳು. "ಮೊಣಕಾಲಿಗೆ ಉಪ್ಪುನೀರು ಭಾಳ ಚಲೋ ಅಂತ."

ಸಂಜೆಯೊಳಗೆ ಜೀಪು ಗೊತ್ತಾಯಿತು. ಓಣಿಯಲ್ಲಿ ಚಿನ್ನವ್ವ ಮನೆಮನೆಗೆ ಹೋಗಿ ಸಮುದ್ರಕ್ಕೆ ಹೊರಟ ಸುದ್ದಿ ಹೇಳಿ ಬಂದಳು. ಮರುದಿನ ನನ್ನ ಮೇಲೆ ದಾಳಿಯಾಯಿತು. ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ ಬಂತು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬಂದವು. ಕಾಳವ್ವನ ಇಳಕಲ್ ಸೀರೆ, ಮಾವನ ಧೋತರ, ತೆಂಗಿನಕಾಯಿ, ತೀರ್ಥ ತರಲು ತಾಮ್ರದ ತಂಬಿಗೆ, ಚಿನ್ನವ್ವನ ಮೊಣಕಾಲಿನ ಎಣ್ಣೆ. ಕಸ್ತೂರಿಯ ಚೂಡಿದಾರಗಳು ತಳಕ್ಕೆ ಹೋಗಿ ರೊಟ್ಟಿಯ ಕೆಳಗೆ ಉಸಿರು ಬಿಗಿಹಿಡಿದವು. ಜಾಗ ಮಾಡಲು ಹೋದ ಚಿನ್ನವ್ವನ ಕೈಗೆ ಆ ಚಡ್ಡಿ ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದಳು.

"ಏ ಕಾಳಿ, ಬಾ ಇಲ್ಲಿ! ನಿನ್ನ ಮಗ ಇದನ್ನ ಹಾಕ್ಕೊಂಡು ಮಹಾಬಲೇಶ್ವರನ ಮುಂದ ನಿಂತ್ರ, ದೇವರು 'ಹೂವು ಬ್ಯಾರೆ ಏರಿಸಬ್ಯಾಡೋ, ಮೈ ತುಂಬ ತಂದೀಯಲ್ಲ' ಅಂತಾನ!"

ಕಾಳವ್ವನೂ ನಕ್ಕಳು. ಕಸ್ತೂರಿ ನಗಲಿಲ್ಲ.

ಮಧ್ಯಾಹ್ನ ಊಟದ ಮೇಲೆ ಅವಳು ಗಂಡನನ್ನು ಪರದೆಯ ಒಳಗೆ ಕರೆದಳು. "ದೇವರ ಹೆಸರು ಯಾಕ ಹೇಳಿದ್ರಿ?"

"ಮತ್ತೇನ್ ಹೇಳ್ಲಿ? ಅವ್ವಗ ಹ್ಯಾಂಗ ಹೇಳಾಕ ಬರ್ತೈತಿ?"

"ಬಾಯಿಲೆ."

"ನಿನಗ ತಿಳಿಯೂದಿಲ್ಲ. ಈಗ ಬ್ಯಾಡ ಅಂದ್ರ..."

"ಮೌನ್ಯಾ, ನನ್ನ ಕರದಿಯೇನೋ?" ಎಂದಿತು ಪರದೆ. ಮಾತು ಅಲ್ಲಿಗೇ ತುಂಡಾಯಿತು.

ಹೊರಡುವ ಹಿಂದಿನ ದಿನ ನಾನು ಮುಚ್ಚಿಕೊಳ್ಳಲಿಲ್ಲ. ಚಿನ್ನವ್ವ ನನ್ನ ಮೇಲೆ ಕುಳಿತಳು. ಕಾಳವ್ವ ಜಿಪ್ಪು ಎಳೆದಳು. ಹಲ್ಲು ಹಲ್ಲಿಗೆ ಕೂಡಲಿಲ್ಲ, ಮೂಲೆಯ ಹೊಲಿಗೆ ಚಿರ್ರೆಂದಿತು. ಮೌನೇಶ ಗೋಡೆಗೆ ಒರಗಿ ನಿಂತು ತನ್ನ ಹೆಬ್ಬೆರಳಿನ ಗಾಯ ನೋಡಿಕೊಳ್ಳುತ್ತಿದ್ದ.

"ಯಾರದರ ಸ್ವಲ್ಪ ತಗೀಬೇಕು," ಎಂದಳು ಕಾಳವ್ವ.

ಕಸ್ತೂರಿ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು. ನನ್ನ ಪಕ್ಕ ನೆಲದ ಮೇಲೆ ಕುಳಿತಳು. ನನ್ನ ಮುಚ್ಚಳದ ಮೇಲೆ ಇಟ್ಟ ಅವಳ ಅಂಗೈ ಬೆವೆತಿತ್ತು. ಅದು ನನಗೆ ಮಾತ್ರ ಗೊತ್ತು.

"ಅತ್ತೀ, ಸುಳ್ಳು ಹೇಳಿ ನಿಮ್ಮನ್ನ ಕರಕೊಂಡು ಹೋಗಾಕ ನನಗ ಆಗೂದಿಲ್ರಿ. ಇದು ದರ್ಶನಕ್ಕ ಹೊಂಟಿದ್ದಲ್ಲ. ನಾವಿಬ್ಬರ ಹೋಗಬೇಕಂತ ಹೊಂಟಿದ್ದು. ನಿಮ್ಮ ಮಗನ ಜೋಡಿ ನಾ ಇನ್ನೂ ಒಂದು ಮಾತು ಪೂರಾ ಮಾತಾಡಿಲ್ಲ. ನೀವೆಲ್ಲ ಬಂದ್ರ ಅಲ್ಲೂ ಆಗೂದಿಲ್ಲ."

ಪಡಸಾಲೆಯಲ್ಲಿ ಮಾವ ಹಲಗೆ ನಯ ಮಾಡುತ್ತಿದ್ದ ಸದ್ದು ನಿಂತಿತು. ಚಿನ್ನವ್ವ ನನ್ನ ಮೇಲಿಂದ ಇಳಿದಳು. ನಾನು ಆವರೆಗೆ ಅಂಗಡಿಯಲ್ಲಿ, ಮದುವೆಮನೆಯಲ್ಲಿ ಬೇಕಾದಷ್ಟು ಮಾತು ಕೇಳಿದ್ದೆ. ಮನುಷ್ಯರು ತಮಗೆ ಬೇಕಾದದ್ದನ್ನು ಸುತ್ತಿ, ಮಡಚಿ, ಬೇರೆ ಯಾವುದರದೋ ಕೆಳಗಿಟ್ಟು ಹೇಳುವುದೇ ಹೆಚ್ಚು. ಹೀಗೆ ಮೇಲೆಯೇ ತಂದಿಟ್ಟವಳನ್ನು ನಾನು ಕಂಡಿರಲಿಲ್ಲ.

ಕಾಳವ್ವ ಸೊಸೆಯನ್ನು ಬಿಟ್ಟು ಮಗನನ್ನು ನೋಡಿದಳು. "ಹಂಗಾದ್ರ ದೇವರನ್ನ ಯಾಕ ನಡುವ ಎಳದ್ಯೋ?"

ಮೌನೇಶ, "ತಪ್ಪಾತಬೇ," ಎಂದ. ಅಷ್ಟೇ. ಅವನ ಮಟ್ಟಿಗೆ ಅದೂ ದೊಡ್ಡದೇ.

ಕಾಳವ್ವ ನನ್ನ ಮುಚ್ಚಳ ಎತ್ತಿದಳು. ತನ್ನ ಇಳಕಲ್ ಸೀರೆ ತೆಗೆದು ಹೆಗಲ ಮೇಲೆ ಹಾಕಿಕೊಂಡಳು. ಧೋತರ ತೆಗೆದಳು. "ಇದನ್ನ ಮೊದಲ ದಿನ ಹೇಳಿದ್ರ ಏನಾಕ್ಕಿತ್ತು? ನಾ ಏನು ನಿಮ್ಮ ನಡುವ ಬಂದು ಮಲಗ್ತಿದ್ನೇನು? ನಾ ಈ ಮನಿಗೆ ಬಂದಾಗ ಇದ ಖೋಲ್ಯಾಗ ನಮ್ಮತ್ತಿ, ಒಂದು ಎಮ್ಮಿಕರ, ಆಗ ಸಣ್ಣ ಹುಡುಗಿ ಇದ್ದ ಈ ಚಿನ್ನವ್ವ. ಪರದೇನೂ ಇರಲಿಲ್ಲ. ಇಕಿ ಖರೇನ ನಮ್ಮಿಬ್ಬರ ನಡುವ ಮಲಗ್ತಿದ್ಲು."

"ಆಗ ನನಗ ಗುಮ್ಮನ ಅಂಜಿಕಿ ಇತ್ತವಾ," ಎಂದಳು ಚಿನ್ನವ್ವ.

"ಗುಮ್ಮ ನೀನ ಆಗಿದ್ದಿ!"

ನಗು ಬಂತು, ಆದರೆ ಎಲ್ಲರಿಗೂ ಅಲ್ಲ. ಚಿನ್ನವ್ವ ತನ್ನ ಎಣ್ಣೆಯ ಶೀಶೆ ತೆಗೆದುಕೊಂಡು ಮಂಚಕ್ಕೆ ಹೋಗಿ ಗೋಡೆಯ ಕಡೆ ಮುಖ ಮಾಡಿದಳು. ಓಣಿಗೆಲ್ಲ ಹೇಳಿ ಬಂದಿದ್ದಳಲ್ಲ. ಕಸ್ತೂರಿ ಅದನ್ನು ಕಂಡಳು. ಕಂಡರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಕಾಳವ್ವ ಕೊನೆಯದಾಗಿ ತೀರ್ಪು ಕೊಟ್ಟಳು: "ದೇವರ ಹೆಸರು ಎತ್ತೀರಿ, ಒಂದು ಕಾಯಿ ಒಡಿಸಿ ಬರ್ರಿ. ಆಮ್ಯಾಲ ಗುಡಿ ಕಡೆ ಹೊಳ್ಳಿ ನೋಡಬ್ಯಾಡ್ರಿ." ರೊಟ್ಟಿ ಮತ್ತು ಕಾಯಿ ಮಾತ್ರ ನನ್ನೊಳಗೆ ಬಿಟ್ಟಳು. ಚಡ್ಡಿಯನ್ನು ತಾನೇ ಮಡಚಿ ಎಲ್ಲಕ್ಕಿಂತ ಮೇಲೆ ಇಟ್ಟಳು.

ನಾವು ಸಮುದ್ರಕ್ಕೆ ಹೋದೆವು. ನನ್ನ ಗಾಲಿಗಳು ಉಸುಕಿನಲ್ಲಿ ಓಡಲಿಲ್ಲ. ಮೌನೇಶ ನನ್ನನ್ನು ತಲೆಯ ಮೇಲೆ ಹೊತ್ತು, ಮರದ ದಿಮ್ಮಿ ಹೊತ್ತವನ ಹಾಗೆ ನಡೆದ. ಕೋಣೆಯ ಚಿಲಕ ಸಡಿಲವಾಗಿತ್ತು. ಅವನು ಒಳಗೆ ಬಂದವನೇ ಚಮಚದ ತುದಿಯಿಂದ ಅದರ ಸ್ಕ್ರೂ ತಿರುವಿ ಬಿಗಿ ಮಾಡಿದ. ಕಸ್ತೂರಿ ಮಂಚದ ಮೇಲೆ ಕುಳಿತು ಅದನ್ನೇ ನೋಡಿದಳು. ಆಮೇಲೆ ಇಬ್ಬರೂ ರೊಟ್ಟಿ ಮುರಿದು ತಿನ್ನುತ್ತ ಮಾತಾಡಿದರು. ನಡುವೆ ಯಾರೂ ಕರೆಯಲಿಲ್ಲ. ಮಾತು ಎಷ್ಟು ಹೊತ್ತು ನಡೆಯಿತೆಂದರೆ, ಸೂರ್ಯ ಮುಳುಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಸಮುದ್ರ ಅದರ ಪಾಡಿಗೆ ಅದು ಹೊರಗೆ ಕೂಗುತ್ತಿತ್ತು.

ಮರಳಿ ಬಂದು ಬೆಂಚುಗಳ ಕೆಲಸಕ್ಕೆ ಕೈ ಹಾಕುವ ಮೊದಲು ಮೌನೇಶ ಪರದೆ ಬಿಚ್ಚಿ, ಹಲಗೆಯ ಅಡ್ಡಗೋಡೆ ನಿಲ್ಲಿಸಿ, ಅದಕ್ಕೊಂದು ಬಾಗಿಲು ಕೂಡಿಸಿದ. ಊರಿಗೆಲ್ಲ ಬಾಗಿಲು ಮಾಡಿಕೊಡುವವರ ಮನೆಯಲ್ಲಿ ಅದು ಮೊದಲ ಒಳಬಾಗಿಲು. ಕಾರ್ತಿಕದಲ್ಲಿ ಕಾಳವ್ವ ತನ್ನ ಗಂಡನ ಜತೆ ಗೋಕರ್ಣಕ್ಕೆ ನನ್ನನ್ನು ಒಯ್ದಳು. ಯಾರನ್ನೂ ಕರೆಯಲಿಲ್ಲ.

ಚಿನ್ನವ್ವ ಎರಡನೇ ಸಲವೂ ಉಳಿದಳು. ಕಸ್ತೂರಿಯ ಜತೆ ಅವಳ ಮಾತು ಅಷ್ಟಕ್ಕಷ್ಟೇ ಆಗಿತ್ತು. ಒಂದು ಬೆಳಿಗ್ಗೆ ಅವಳು ಹೊಲಿಗೆ ಯಂತ್ರದ ಪಕ್ಕ ಬಂದು ನಿಂತಳು. ನಾನು ಮೂಲೆಯಲ್ಲಿದ್ದೆ.

"ಕಸ್ತೂರಿ, ಒಂದು ಕೇಳ್ಲೇನು?"

"ಕೇಳ್ರಿ, ಸಣ್ಣತ್ತಿ."

"ನನ್ನ ಸಮುದ್ರಕ್ಕ ಕರಕೊಂಡು ಹೋಗ್ತೀಯೇನು? ಗುಡಿ ಬ್ಯಾಡ. ದೇವರಿಗೆ ಭಾಳ ಸಲ ಕೈ ಮುಗದೀನಿ. ನನಗ ಬರೇ ನೀರು ನೋಡಬೇಕು."

ಆ ಹೆಂಗಸು ಜೀವಮಾನವಿಡೀ ಯಾರದೋ ಜಾತ್ರೆಗೆ, ಯಾರದೋ ಮದುವೆಗೆ, ಯಾರದೋ ಹರಕೆಗೆ ಬಾಲವಾಗಿ ಹೋದವಳು. ತನಗೆ ಇಂಥದ್ದು ಬೇಕು ಎಂದು ಕೇಳಿದ್ದು ಅದೇ ಮೊದಲು. ಕಸ್ತೂರಿ ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿದಳು. ಆಮೇಲೆ ನೋಡೋಣ, ಮುಂದೆ ನೋಡೋಣ ಎನ್ನಲಿಲ್ಲ.

"ಯಾವಾಗ ಹೋಗೂಣು?" ಎಂದಳು.

ಇಬ್ಬರೂ ಗೋಕರ್ಣಕ್ಕೆ ಹೊರಟಾಗ ನನ್ನೊಳಗೆ ಎರಡು ಸೀರೆ, ಎರಡು ಚೂಡಿದಾರ. ಚಿನ್ನವ್ವ ಮೊಣಕಾಲು ಮಡಚಿ ದಡದ ನೀರಿನಲ್ಲಿ ಕುಳಿತಳು. ಮೊದಲ ಅಲೆ ಅವಳನ್ನು ಬೆನ್ನಿನ ಮೇಲೆ ಕೆಡವಿತು. "ಏ ಭಾಡ್ಯಾ, ಮುದುಕಿ ಅನ್ನೂದು ಕಾಣಂಗಿಲ್ಲೇನು?" ಎಂದು ಸಮುದ್ರಕ್ಕೆ ಬೈದಳು. ಬೈದು ಮತ್ತೆ ಅಲ್ಲೇ ಕುಳಿತಳು. ಕಸ್ತೂರಿ ದೂರದಲ್ಲಿ, ನನ್ನ ಮೇಲೆ ಮೊಣಕೈ ಊರಿ ಕುಳಿತಿದ್ದಳು. ಹತ್ತಿರ ಹೋಗಲಿಲ್ಲ. ಅಷ್ಟು ಹೊತ್ತು ಆ ನೀರು ಪೂರ್ತಿ ಚಿನ್ನವ್ವನದೇ ಇರಲಿ ಎಂದು ಬಿಟ್ಟಿದ್ದಳು.

ಆ ಪ್ರವಾಸದಲ್ಲೇ ನನ್ನ ಒಂದು ಗಾಲಿ ಮುರಿಯಿತು. ಉಪ್ಪು ಕೂತು ಜಿಪ್ಪು ಕಚ್ಚಿಕೊಂಡಿತು. ಈಗ ನಾನು ಬಡಿಗೇರ ಮನೆಯ ಅಟ್ಟದ ಮೇಲಿದ್ದೇನೆ. ನನ್ನೊಳಗೆ ಹಳೆಯ ಕೌದಿಗಳಿವೆ, ಡಾಂಬರು ಗುಳಿಗೆಗಳಿವೆ. ಹಸಿರು ಬಣ್ಣ ಬಿಳಚಿಕೊಂಡಿದೆ. ಮನೆಯವರು ಹೊಸ ಚೀಲ ಕೊಂಡಿದ್ದಾರೆ. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಸೂಟ್‌ಕೇಸಿಗೆ ಮುಪ್ಪು ಬೇಗ.

ಇಷ್ಟು ವರ್ಷದಲ್ಲಿ ನಾನು ಹೋದದ್ದು ಒಂದೇ ಊರಿಗೆ, ಅದೂ ಮೂರು ಸಲ. ಅಷ್ಟಕ್ಕೆ ಇಂಥದೊಂದು ಸೂಟ್‌ಕೇಸು ಬೇಕಿತ್ತೇ ಎಂದು ಯಾರಾದರೂ ಕೇಳಬಹುದು.

ಬೇಕಿತ್ತು.