ಸಾಲು ತುಂಬಲು ಹಾಕಿದ ಮುಖ

ಅಜ್ಜಂಪುರದ ಬಸ್‌ಸ್ಟಾಂಡಿನ ಪಕ್ಕದಲ್ಲಿ ಸ್ಕಂದನ ಫ್ಲೆಕ್ಸ್ ಅಂಗಡಿ. ಯಾರ ಹುಟ್ಟುಹಬ್ಬವೇ ಇರಲಿ, ಮೇಲೆ ಅವರ ದೊಡ್ಡ ಚಿತ್ರ, ಕೆಳಗೆ ‘ಶುಭ ಕೋರುವವರು’ ಎಂದು ಸಣ್ಣ ಮುಖಗಳ ಸಾಲು. ಸಾಲಿನಲ್ಲಿ ಒಂದು ಮುಖ ಕಡಿಮೆ ಬಿದ್ದರೆ ಬೊಚ್ಚುಬಾಯಿಯ ಹಾಗೆ ಕಾಣುತ್ತದೆ. ಆಗ ಸ್ಕಂದ ಕಂಪ್ಯೂಟರಿನಲ್ಲಿದ್ದ ಯಾವುದಾದರೂ ಹಳೆಯ ಫೋಟೋ ಹುಡುಕಿ ತುಂಬಿಬಿಡುತ್ತಿದ್ದ. ಮುಖ ಬಂದವನು ಬೈಯುವುದಿರಲಿ, ಫ್ಲೆಕ್ಸಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದ.

ಕಡೂರಿನ ಅಭಿರಾಮ ಎಂಬವನ ಹುಟ್ಟುಹಬ್ಬದ ಫ್ಲೆಕ್ಸಿಗೂ ಹೀಗೇ ಒಂದು ಮುಖ ಕಡಿಮೆ ಬಿತ್ತು. ಸ್ಕಂದ ತನ್ನ ಗೆಳೆಯ ದುಶ್ಯಂತನ ಮದುವೆಯ ಫೋಟೋ ಹಾಕಿದ. ಶಿವನಿ ಊರಿನ ದುಶ್ಯಂತ ಎದುರು ಶೆಡ್ಡಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು. ಅಭಿರಾಮನ ಸುಟ್ಟುಹೋದ ಮೋಟಾರಿಗೆ ಒಮ್ಮೆ ತಂತಿ ಸುತ್ತಿ ಕಾಯಿಲ್ ಕಟ್ಟಿಕೊಟ್ಟಿದ್ದ, ಅಷ್ಟೇ ಪರಿಚಯ.

“ಲೇ, ನನ್ನ ಯಾಕೋ ಹಾಕ್ದೆ?” ಎಂದು ದುಶ್ಯಂತ ನಕ್ಕಿದ್ದ.

“ಜಾಗ ಖಾಲಿ ಇತ್ತು ಕಣೋ. ಚೆನ್ನಾಗ್ ಕಾಣ್ತೀಯ, ಬಿಡು.”

ಕೆಲವು ತಿಂಗಳ ಮೇಲೆ ಬೆಂಗಳೂರಿನಲ್ಲಿ ಒಬ್ಬ ಮುಖಂಡರನ್ನು ಗುಂಡಿಟ್ಟು ಕೊಂದರು. ಕೊಂದವನು ಅಭಿರಾಮ ಎಂಬ ಶಂಕೆ ಎಂದು ಟಿವಿಯಲ್ಲಿ ಬಂತು. ಪೊಲೀಸರಿಗೆ ಅವನು ಸಿಗಲಿಲ್ಲ, ಫ್ಲೆಕ್ಸು ಸಿಕ್ಕಿತು. ಸಾಲಿನಲ್ಲಿದ್ದ ಉಳಿದವರೆಲ್ಲ ಆಗಲೇ ಊರು ಬಿಟ್ಟಿದ್ದರು. ಬಿಡಬೇಕು ಎಂದೇ ಗೊತ್ತಿಲ್ಲದವನು ದುಶ್ಯಂತ ಒಬ್ಬ. ಅವನನ್ನು ಶೆಡ್ಡಿನಿಂದಲೇ ಎಳೆದೊಯ್ದು ತರೀಕೆರೆಯಾಚೆ ಒಂದು ಹಳೇ ಬಂಗಲೆಯಲ್ಲಿ ಕೂಡಿಹಾಕಿದರು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ನಿನ್ನೆಯವರೆಗೆ ಅವನ ಜೊತೆ ಟೀ ಕುಡಿದವರೇ ಮಾತಾಡಿಕೊಂಡರು.

ಅವನ ತಾಯಿ ಸುಲೋಚನಮ್ಮ ಅಂಗಡಿಗೆ ಬಂದು ಕೇಳಿದರು. “ಸ್ಕಂದಪ್ಪಾ, ನನ್ನ ಮಗನ ಫೋಟೋ ಅದರಾಗೆ ಹೆಂಗ್ ಬಂತು?”

“ಅಭಿರಾಮನ ಕಡೆಯೋರು ಕೊಟ್ಟಿರಬೇಕಮ್ಮ. ನಂಗೊತ್ತಿಲ್ಲ.”

ಅವರು ಅತ್ತ ಹೋದಮೇಲೆ ಸ್ಕಂದ ಆ ಫೋಟೋವನ್ನು ಕಂಪ್ಯೂಟರಿನಿಂದ ಅಳಿಸಿಹಾಕಿದ. ಹೇಡಿತನಕ್ಕೆ ಎಷ್ಟು ಚುರುಕು ಬುದ್ಧಿ ನೋಡಿ!

ಸುಲೋಚನಮ್ಮ ದಿನಾ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಡಬ್ಬಿಗೆ ಕಟ್ಟಿಕೊಂಡು ಆ ಬಂಗಲೆಗೆ ಹೋಗಲು ಬಸ್ಸು ಹತ್ತುತ್ತಿದ್ದರು. ಬರುವಾಗ ಅವನ ಅಂಗಡಿಯ ಮುಂದೆ ನಿಂತು, “ಇವತ್ತೂ ಡಬ್ಬಿ ಖಾಲಿ ಕಣಪ್ಪ” ಎನ್ನುತ್ತಿದ್ದರು. ಸದ್ಯ, ಊಟವನ್ನಾದರೂ ಮಾಡುತ್ತಿದ್ದಾನಲ್ಲ ಎಂದು ಸ್ಕಂದ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಒಂದು ದಿನ ಅವರು, “ಜೊತೆಗೆ ಬಾರಪ್ಪ, ನನ್ನ ಮಾತು ಪೊಲೀಸ್ನೋರ ಕಿವಿಗೆ ಬೀಳಲ್ಲ” ಎಂದರು. ಸ್ಕಂದ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೊರಟ. ಬಂಗಲೆಯ ಗೇಟಿನಲ್ಲಿ ಅವರನ್ನು ತಡೆದು ಡಬ್ಬಿ ಕೊಟ್ಟುಬರಲು ಸ್ಕಂದನನ್ನು ಮಾತ್ರ ಬಿಟ್ಟರು. ಜಗಲಿಯ ಮೇಲಿದ್ದ ಇಬ್ಬರು ಪೇದೆಗಳು ಡಬ್ಬಿ ಇಸಿದುಕೊಂಡು ಅಲ್ಲೇ ಬಿಚ್ಚಿ ರೊಟ್ಟಿ ಮುರಿದರು.

“ಚಟ್ನಿ ಇವತ್ತು ಖಾರ ಕಣ್ಲಾ.”

ಒಳಗಿನಿಂದ ಲಾಠಿಯ ಸದ್ದು. ಹಿಂದೆಯೇ ದುಶ್ಯಂತನ ಕೂಗು. “ಫೋಟೋ ನಾನ್ ಕೊಟ್ಟಿಲ್ಲ ಸಾರ್! ಯಾರು ಹಾಕಿದ್ರೋ ಗೊತ್ತಿಲ್ಲ, ದೇವ್ರಾಣೆ ಗೊತ್ತಿಲ್ಲ!”

ಅವನಿಗೆ ಗೊತ್ತಿತ್ತು. ಸ್ಕಂದನ ಹೆಸರು ಹೇಳಬಾರದೆಂದೇ ಇಷ್ಟು ದಿನ ಏಟು ತಿನ್ನುತ್ತಿದ್ದ. ಸ್ಕಂದನಿಗೆ ನಿಂತಲ್ಲೇ ನಾಚಿಕೆಯಿಂದ ಸಾಯುವ ಹಾಗಾಯಿತು. ಪೇದೆಗಳು ಏಳುವಷ್ಟರಲ್ಲಿ ಬಾಗಿಲು ತಳ್ಳಿ ಒಳಗೆ ಹೋದ.

ದುಶ್ಯಂತ ಗೋಡೆಗೊರಗಿ ಕುಸಿದು ಕೂತಿದ್ದ. ಕೂದಲೆಳೆಯಷ್ಟು ತಂತಿ ಸುತ್ತುತ್ತಿದ್ದ ಬೆರಳುಗಳು ಊದಿ ಕಪ್ಪಾಗಿದ್ದವು. ಸ್ಕಂದನನ್ನು ನೋಡಿ ‘ಹೋಗು’ ಎಂಬಂತೆ ತಲೆಯಾಡಿಸಿದ.

“ಸಾರ್, ಫೋಟೋ ಹಾಕಿದ್ದು ನಾನು. ಸಾಲು ತುಂಬಲಿ ಅಂತ ಸುಮ್ನೆ ಹಾಕ್ದೆ. ಇವನದೇನೂ ತಪ್ಪಿಲ್ಲ.”

ಅಲ್ಲಿದ್ದ ಅಧಿಕಾರಿ ಕೋಪಿಸಿಕೊಳ್ಳಲಿಲ್ಲ. “ಅದು ಸುಮ್ನೆ ಹಾಕಿರೋ ಫೋಟೋ ಅಂತ ನಮಗೂ ಗೊತ್ತು ಕಣಯ್ಯಾ” ಎಂದ. “ಸತ್ತವರಿಗೂ ಹೆಂಡ್ತಿ ಮಕ್ಕಳಿದಾರೆ. ಮೇಲಿನೋರು ದಿನಾ ಫೋನ್ ಮಾಡಿ ಉಗೀತಾರೆ. ನಮಗೆ ಪಿಸ್ತೂಲು ಕಂಡ ಒಬ್ಬ ಸಾಕ್ಷಿ ಬೇಕು, ಇವನು ಒಪ್ತಿಲ್ಲ. ಇವನ ಶೆಡ್ಡಲ್ಲಿ ಅಭಿರಾಮ ಪಿಸ್ತೂಲು ಇಟ್ಟಿದ್ದು ನೋಡ್ದೆ ಅಂತ ನೀನೇ ಹೇಳು, ಮನೆಗೆ ಹೋಗು. ಇಲ್ಲಾಂದ್ರೆ ಇವನ ಪಕ್ಕ ಕೂತ್ಕೋ.”

“ನಾನು ನೋಡಿಲ್ಲ ಸಾರ್” ಎಂದ ಸ್ಕಂದ. “ಡಬ್ಬಿ ವಾಪಸ್ ಕೊಟ್ಟು ಬಂದು ಕೂತ್ಕೋತೀನಿ.”

ಪೇದೆಯೊಬ್ಬ ಅವನ ತೋಳು ಹಿಡಿದೇ ಗೇಟಿನವರೆಗೆ ಕರೆತಂದ. ಸ್ಕಂದ ಖಾಲಿ ಡಬ್ಬಿಯ ಜೊತೆಗೆ ಅಂಗಡಿಯ ಕೀಲಿಕೈಯನ್ನೂ ಸುಲೋಚನಮ್ಮನ ಕೈಗಿಟ್ಟ.

“ಅಮ್ಮ, ಆ ಫೋಟೋ ಹಾಕಿದ್ದು ನಾನು. ನಿಮಗೆ ಸುಳ್ಳು ಹೇಳ್ಬಿಟ್ಟೆ. ಈ ಊಟಾನೂ ಅವನಿಗೆ ಹೋಗ್ತಿಲ್ಲ, ಇವರೇ ತಿಂತಾರೆ.”

ಹೊಡೆಯುತ್ತಾರೇನೋ ಎಂದುಕೊಂಡ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಪೇದೆ ಹಿಡಿದಿದ್ದ ತೋಳನ್ನು ನೋಡಿದರು, ಕೀಲಿಕೈ ನೋಡಿದರು.

“ಇವರು ತಿನ್ನೋದು ನಂಗೊತ್ತು ಕಣಪ್ಪ. ಹೊಟ್ಟೆ ತುಂಬಿದ್ರೆ ಹೊಡೆಯೋ ಕೈ ಒಂದೀಟು ನಿಧಾನ ಆದಾತು ಅಂತ ತತ್ತಿದ್ದೆ.”

ಸ್ಕಂದ ತಿರುಗಿ ಬಂಗಲೆಯ ಕಡೆಗೆ ನಡೆದ. ಸುಲೋಚನಮ್ಮ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹಿಂದಿನಿಂದ ಕೂಗಿ ಹೇಳಿದರು.

“ನಾಳಿಂದ ಇನ್ನೂ ನಾಕು ರೊಟ್ಟಿ ಜಾಸ್ತಿ ತತ್ತೀನಿ.”